ಬೆಂಚಿನ ಮೇಲೆ ಎಲ್ಲರಿಗೂ ಹಲ್ಲುನೋವು

ನನ್ನ ಮೇಜಿನ ಮುಂದೆ ದಿನಕ್ಕೊಂದಾದರೂ ನಗುವ ಸಂಗತಿ ಆಗದೆ ಹೋಗುವುದಿಲ್ಲ. ಆಗದ ದಿನ ನಾನೇ ಎಂತದ್ದಾದರೂ ಮಾಡಿಕೊಂಡಿರುತ್ತೇನೆ. ಹೊನ್ನಾವರ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಒಂದು ಮಹಡಿ ಕಟ್ಟಡ, ಮೇಲೆ ಒಂದು ಕ್ಲಿನಿಕ್ಕು. ಅಲ್ಲಿ ಚೀಟಿ ಬರೆಯುವವಳು ನಾನು. ಹನ್ನೊಂದು ವರ್ಷ ಆತು. ಬೆಳಿಗ್ಗೆ ಶಿರಾಲಿಯಿಂದ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ನನ್ನ ಬಾಯಿ ಸ್ವಲ್ಪ ಜೋರು ಅಂತ ಹೇಳುತ್ತಾರೆ. ಜೋರಿಲ್ಲದಿದ್ದರೆ ಆ ಬೆಂಚಿನ ಜನರನ್ನು ಸಂಭಾಳಿಸಲು ಯಾರಿಂದಾಗುತ್ತದೆ ಹೇಳಿ?

ನಮ್ಮದು ಮನಸ್ಸಿನ ಕ್ಲಿನಿಕ್ಕು. ಕೋಣೆ ಮೂರು. ಮೊದಲನೆಯದರಲ್ಲಿ ಮಂಗಳವಾರ ಮತ್ತು ಗುರುವಾರ ಬರುವ ಮನೋವೈದ್ಯರು. ಅವರು ಡಾಕ್ಟರಿಕೆ ಓದಿದವರು, ಪರೀಕ್ಷೆ ಮಾಡಿ ಮಾತ್ರೆ ಬರೆಯುವವರು. ನಮಗೆಲ್ಲ ಅವರು ದೊಡ್ಡ ಡಾಕ್ಟ್ರು. ಎರಡನೆಯದರಲ್ಲಿ ಗುರುವಾರ ಕುಮಟೆಯಿಂದ ಬರುವ ಮನಃಶಾಸ್ತ್ರಜ್ಞೆ. ಅವರು ಮಾತ್ರೆ ಬರೆಯುವುದಿಲ್ಲ. ಪ್ರಶ್ನೆ ಕೊಟ್ಟು ಉತ್ತರ ಬರೆಸುತ್ತಾರೆ, ವಾರ ವಾರ ಕೂರಿಸಿಕೊಂಡು ಹೆದರಿಕೆ, ಚಿಂತೆ ಇವನ್ನೆಲ್ಲ ಸಡಿಲ ಮಾಡುವ ಅಭ್ಯಾಸ ಹೇಳಿಕೊಡುತ್ತಾರೆ. ಅವರು ಕುಮಟೆ ಅಕ್ಕೋರು. ಮೂರನೆಯದರಲ್ಲಿ ದಿನವೂ ಇರುವ ಆಪ್ತಸಮಾಲೋಚಕರು. ಹಿಂದೆ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದು, ಆಮೇಲೆ ಈ ಕೆಲಸಕ್ಕೆಂದೇ ಓದಿ ಬಂದವರು. ಮನೆಯ ತಾಪತ್ರಯ, ಮಕ್ಕಳ ಹಟ, ಗಂಡ ಹೆಂಡಿರ ಮುನಿಸು ಎಲ್ಲ ಕೇಳಿ, ದಾರಿ ಹುಡುಕಲು ಜೊತೆಗೆ ಕೂರುವವರು. ಅವರಿಗೆ ನಾವು ಮಾಸ್ತರು ಅನ್ನುವುದು.

ಯಾರಿಗೆ ಯಾವ ಬಾಗಿಲು ಅಂತ ಮೊದಲು ತೋರಿಸುವ ಕೆಲಸ ನನ್ನದು. ತಪ್ಪಿ ಬೇರೆ ಬಾಗಿಲಿಗೆ ಹೋದರೂ ಚಿಂತಿಲ್ಲ, ಒಳಗಿನವರೇ ಸರಿಯಾದಲ್ಲಿಗೆ ಕಳಿಸುತ್ತಾರೆ. ಯಾರ ಹೆಸರನ್ನೂ ಹೊರಗೆ ಹೇಳಬಾರದು ಅನ್ನುವುದು ನಮ್ಮ ಮೇಜಿನ ನೇಮ. ಅದಕ್ಕೇ ಇಲ್ಲಿ ಯಾರಿಗೂ ಹೆಸರಿಲ್ಲ. ಕಥೆ ಹೇಳು, ಹೆಸರು ಮಾತ್ರ ಬೇಡ ಅಂತ ಅವರವರೇ ಒಪ್ಪಿದ್ದಾರೆ.

ಊರಿಗೆಲ್ಲ ಬಾಗಿಲು ತೋರಿಸುವ ನಾನು ನನ್ನ ಸ್ವಂತ ಗಂಡನನ್ನು ಆ ಮೆಟ್ಟಿಲು ಹತ್ತಿಸಲು ಪಟ್ಟ ಪಾಡು ದೇವರಿಗೇ ಗೊತ್ತು. ನಿಜವಾಗಿ ದೇವರಿಗೇ ಗೊತ್ತು, ಅವನನ್ನೂ ಕೇಳಿದ್ದಾಗಿತ್ತು. ಅದು ಮುಂದೆ ಬರುತ್ತದೆ. ಮೊದಲು ಬೆಂಚಿನ ಸುದ್ದಿ.

ಕೆನ್ನೆಗೆ ಕೈ

ಅದೇ ಮಹಡಿಯಲ್ಲಿ ನಮ್ಮೆದುರಿಗೆ ಹಲ್ಲಿನ ಡಾಕ್ಟರು. ಕಾಯುವ ಬೆಂಚು ಮಾತ್ರ ಎರಡಕ್ಕೂ ಒಂದೇ. ನಮ್ಮಲ್ಲಿಗೆ ಬಂದವರು ಬೆಂಚಿನ ಮೇಲೆ ಕೂತ ಕೂಡಲೇ ಮಾಡುವ ಮೊದಲ ಕೆಲಸ ಎಂತ ಅಂದರೆ ಕೆನ್ನೆಗೆ ಕೈ ಹಚ್ಚಿಕೊಳ್ಳುವುದು. ಊರಿನವರು ಯಾರಾದರೂ ಕಂಡರೆ ಹಲ್ಲಿಗೆ ಬಂದದ್ದು ಅನ್ನಬಹುದಲ್ಲ! ಯಾರೂ ಯಾರಿಗೂ ಕಲಿಸಿದ್ದಲ್ಲ. ಹೊಸಬರು ಬಂದು, ಕೂತವರನ್ನು ಒಂದು ಸಲ ನೋಡಿ, ತಾವೂ ಕೈ ಎತ್ತುತ್ತಾರೆ. ಮಂಗಳವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದರೆ, ಹೊನ್ನಾವರ ತಾಲೂಕಿನ ಅರ್ಧ ಜನರಿಗೆ ದವಡೆ ಬಾತಿದೆ ಅಂತಲೇ ಕಾಣಬೇಕು.

ಒಂದು ಮಂಗಳವಾರ ಹಲ್ಲಿನ ಡಾಕ್ಟರು ಬಾಗಿಲು ತೆರೆದು ನೋಡುತ್ತಾರೆ, ಏಳು ಜನ, ಏಳು ಕೆನ್ನೆ, ಏಳು ಕೈ. ಪಾಪ, ಅವರು ಹೊಸದಾಗಿ ಬಂದವರು. ಮುಖ ಅರಳಿಹೋತು. ತುದಿಯಲ್ಲಿ ಕೂತಿದ್ದ ಭಟ್ಕಳದ ಬಟ್ಟೆ ಅಂಗಡಿ ಸಾಹುಕಾರರ ಹೆಗಲ ಮೇಲೆ ಕೈಯಿಟ್ಟು "ಬನ್ನಿ ಬನ್ನಿ, ಎಷ್ಟು ಹೊತ್ತು ನೋವು ತಿನ್ತೀರಿ?" ಅಂತ ಒಳಗೆ ಕರೆದೇಬಿಟ್ಟರು. ಸಾಹುಕಾರರು ಬಂದದ್ದು ದೊಡ್ಡ ಡಾಕ್ಟ್ರ ಹತ್ತಿರ, ಎಂಟು ತಿಂಗಳಿನಿಂದ ಯಾವುದರಲ್ಲೂ ಮನಸ್ಸಿಲ್ಲ ಅಂತ. ಆದರೆ ಪಕ್ಕದಲ್ಲೇ ಅವರ ಕೇರಿಯವನೊಬ್ಬ ಕೂತಿದ್ದ. ಏನು ಮಾಡುತ್ತಾರೆ? ನನ್ನನ್ನೊಮ್ಮೆ ದೀನವಾಗಿ ನೋಡಿದರು, ಎದ್ದರು, ಹೋದರು. ನಾನು ಫೋನಿನಲ್ಲಿದ್ದೆ, ಕೈಸನ್ನೆ ಮಾಡುವಷ್ಟರಲ್ಲಿ ಬಾಗಿಲು ಹಾಕಿ ಆಗಿತ್ತು.

ಅರ್ಧ ತಾಸಿನ ಮೇಲೆ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದರು. ನನ್ನ ಮೇಜಿಗೆ ಬಗ್ಗಿ ಮೆಲ್ಲಗೆ ಹೇಳಿದರು: "ಅಕ್ಕಾ, ಹಲ್ಲು ಪೂರಾ ಕ್ಲೀನ್ ಮಾಡಿ ಕಳಿಸಿದ್ರು. ಈಗ ಹಲ್ಲು ಫಳಫಳ ಹೊಳೀತದೆ. ನಗುದು ಎಂತಕ್ಕೆ ಅಂತಲೇ ಗೊತ್ತಾಗುದಿಲ್ಲ, ಅದಕ್ಕೊಂದು ಚೀಟಿ ಬರೀರಿ."

ಅಂಗಡಿಯಲ್ಲಿ ಸಿಗದ ಮದ್ದು

ಮೀನು ಮಾರುವ ಅಕ್ಕ ಒಬ್ಬರು. ಎದೆ ಭಾರ, ಊಟ ಸೇರುವುದಿಲ್ಲ, ಸಿಟ್ಟು ಬರುತ್ತದೆ. ದೊಡ್ಡ ಡಾಕ್ಟ್ರು ನೋಡಿ, ನಿಮಗೆ ಮಾತ್ರೆ ಬೇಡ, ಮಾಸ್ತರ ಹತ್ತಿರ ಮಾತಾಡಿ ಅಂದರು. ಮಾಸ್ತರು ಒಂದು ತಾಸು ಕೂರಿಸಿಕೊಂಡು ಕೇಳಿದರು. ಹೊರಗೆ ಬಂದ ಅಕ್ಕನ ಮುಖ ಕೆಂಪು.

"ಇವ್ರು ಎಂತಾ ಡಾಕ್ಟ್ರು? ನಾಡಿ ಹಿಡೀಲಿಲ್ಲ, ನಾಲಿಗೆ ನೋಡಲಿಲ್ಲ. ಒಂದು ಇಂಜೆಕ್ಷನ್ ಆದ್ರೂ ಬೇಡ್ವಾ?"

"ಅವರು ಡಾಕ್ಟ್ರಲ್ಲ ಅಕ್ಕಾ. ಅವರ ಮದ್ದು ಮಾತೇ."

"ಮಾತು ನಂಗೇ ಬೇಕಾದಷ್ಟು ಬರ್ತದೆ! ಬರೀ ಕೈಯಲ್ಲಿ ಮನೆಗೆ ಹೋದ್ರೆ ಚೀಟಿ ಎಲ್ಲಿ ಅಂತ ಕೇಳ್ತಾರೆ. ಚೀಟಿ ಇಲ್ದೆ ಇದ್ರೆ ಪೇಟೆ ತಿರುಗಿ ಬಂದಳು ಅಂತಾರೆ."

ಅದೂ ಹೌದು. ನಮ್ಮ ಕಡೆ ಚೀಟಿ ಇಲ್ಲದಿದ್ದರೆ ಕಾಯಿಲೆಯೇ ಇಲ್ಲ ಅಂತ ಲೆಕ್ಕ. ಮಾಸ್ತರು ಒಳ್ಳೆಯವರು, ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ ಒಂದು ಚೀಟಿ ಬರೆದುಕೊಟ್ಟರು. ಅಕ್ಕ ಓದು ಬಾರದವರು. ಅದನ್ನು ಹಿಡಿದುಕೊಂಡು ನೆಟ್ಟಗೆ ಇಳಿದದ್ದು ಕೆಳಗಿನ ಔಷಧಿ ಅಂಗಡಿಗೆ. ಚೀಟಿಯಲ್ಲಿ ಇದ್ದದ್ದು ಇಷ್ಟೇ: "ನಾದಿನಿಯ ಜೊತೆ ಮಾತು, ದಿನಕ್ಕೊಮ್ಮೆ, ಊಟದ ನಂತರ. ಮುನಿಸಿನ ವಿಷಯ ಬಿಟ್ಟು."

ಅಂಗಡಿಯವರು ಎರಡು ಸಲ ಓದಿದರಂತೆ. ಮೂವತ್ತು ವರ್ಷದಲ್ಲಿ ಅವರಿಗೆ ಪೂರ್ತಿ ಅರ್ಥವಾದ ಮೊದಲನೇ ಚೀಟಿ ಅದು. ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ, "ಇದು ನಮ್ಮಲ್ಲಿ ಇಲ್ಲ ಅಕ್ಕಾ. ಕುಮಟೆಯಲ್ಲಿ ಸಿಕ್ಕೀತು, ನೋಡಿ" ಅಂದರು.

ಅಕ್ಕ ಏದುಸಿರು ಬಿಡುತ್ತ ಮತ್ತೆ ಮೇಲೆ ಹತ್ತಿ ಬಂದರು. ಚೀಟಿಯಲ್ಲಿ ಇದ್ದದ್ದನ್ನು ನಾನು ಓದಿ ಹೇಳಿದ ಕೂಡಲೇ ಕಣ್ಣು ಅಗಲ. "ತಂಗೀ, ನಾನು ಅವಂಗೆ ಒಂದು ಮಾತೂ ಹೇಳಲಿಲ್ಲ. ನಮ್ಮ ನಾದಿನಿಯ ಕೊಟ್ಟದ್ದು ಕುಮಟೆಗೇ ಅಂತ ಅವಂಗೆ ಹ್ಯಾಂಗೆ ಗೊತ್ತಾತು?"

ಹೆಡ್ಮಾಸ್ತರರ ಕಾಪಿ

ಗೇರುಸೊಪ್ಪ ಕಡೆಯ ಒಬ್ಬ ನಿವೃತ್ತ ಹೆಡ್ಮಾಸ್ತರರು. ಶಾಲೆ ಬಿಟ್ಟ ಮೇಲೆ ಹೊತ್ತು ಹೋಗುವುದಿಲ್ಲ, ಸಣ್ಣಸಣ್ಣದಕ್ಕೂ ಗಾಬರಿ. ಅವರನ್ನು ಕುಮಟೆ ಅಕ್ಕೋರಲ್ಲಿಗೆ ಕಳಿಸಿದ್ದಾತು. ಅಕ್ಕೋರು ಪದ್ಧತಿಯ ಪ್ರಕಾರ ಪ್ರಶ್ನೆಗಳ ಹಾಳೆ ಕೊಟ್ಟು, ಹೌದು ಅಥವಾ ಇಲ್ಲ ಅಂತ ಗುರುತು ಹಾಕಿ ಅಂದರು. ಹೆಡ್ಮಾಸ್ತರರು ಬೆಂಚಿನ ಮೇಲೆ ಕೂತು ಬರೆಯತೊಡಗಿದರು. ಪಕ್ಕದಲ್ಲಿ ಒಬ್ಬಳು ಹುಡುಗಿ, ಬ್ಯಾಂಕಿನ ಕೆಲಸದವಳು, ಅವಳ ಕೈಯಲ್ಲೂ ಒಂದು ಹಾಳೆ.

ಹತ್ತು ನಿಮಿಷಕ್ಕೆ ಹೆಡ್ಮಾಸ್ತರರ ಹಾಳೆ ಮುಗಿದಿತ್ತು. ಅಕ್ಕೋರು ಒಳಗೆ ಕರೆದರು. ಬಾಗಿಲು ಅರ್ಧ ತೆರೆದೇ ಇತ್ತು, ಕಿವಿ ನನ್ನದು ಸ್ವಲ್ಪ ಚುರುಕು.

"ಸರ್, ಒಬ್ಬರೇ ವಾಸ ಮಾಡ್ತೀರಾ ಅನ್ನುದಕ್ಕೆ ಹೌದು ಅಂದಿದ್ದೀರಿ."

"ಹೌದು."

"ಹಾಗಾದ್ರೆ ಹೊರಗೆ ನಿಮ್ಮ ಕೊಡೆ, ಚೀಲ, ಅವಲಕ್ಕಿ ಡಬ್ಬಿ ಹಿಡ್ಕೊಂಡು ಕೂತವ್ರು ಯಾರು?"

"ಅದು... ಹೆಂಡತಿ."

"ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಕಂಪ್ಯೂಟರ್ ಮುಂದೆ ಕೂರ್ತೀರಾ ಅನ್ನುದಕ್ಕೂ ಹೌದು."

ಮೂವತ್ತಾರು ವರ್ಷ ಪರೀಕ್ಷಾ ಕೋಣೆಯಲ್ಲಿ ಓಡಾಡಿ ಎಷ್ಟು ಮಕ್ಕಳ ಕಿಸೆಯಿಂದ ಚೀಟಿ ತೆಗೆದ ಮನುಷ್ಯ! ತಲೆ ಕೆಳಗೆ ಹಾಕಿ ಹೇಳಿದರು: "ಈ ವಯಸ್ಸಲ್ಲಿ ಫೇಲಾದ್ರೆ ಹ್ಯಾಂಗೆ ಅಂತ ಗಾಬರಿ ಆತು ಅಕ್ಕೋರೆ. ಆ ಹುಡುಗಿ ಹುಷಾರಿ ಇದ್ದ ಹಾಗೆ ಕಂಡಳು, ಅವಳದ್ದು ನೋಡಿ ಬರೆದೆ. ಒಂದೇ ಪ್ರಶ್ನೆಗೆ ಒಬ್ಬೊಬ್ಬರಿಗೆ ಒಂದೊಂದು ಸರಿ ಉತ್ತರ ಅಂತ ನೀವು ಮೊದಲೇ ಹೇಳಬೇಕಿತ್ತು."

ಸರಿ ಇದ್ದ ಬಸ್ಸನ್ನು ತಳ್ಳಿದ್ದು

ಈಗ ನಮ್ಮ ಮನೆಗೆ ಬರುವ. ನಮ್ಮನೆಯವರು ಬಸ್ಸಿನ ಚಾಲಕರು. ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆ, ಕುಮಟೆಯಿಂದ ವಾಪಸು, ಇಪ್ಪತ್ತೆರಡು ವರ್ಷ. ಒಂದು ಮಳೆಗಾಲದ ಮಧ್ಯಾಹ್ನ ಶರಾವತಿ ಸೇತುವೆಯ ಮೇಲೆ ಒಂದು ಟ್ಯಾಂಕರು ಜಾರಿ ಇವರ ಬಸ್ಸಿಗೆ ಉಜ್ಜುವಷ್ಟು ಹತ್ತಿರ ಬಂತು. ಉಜ್ಜಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಜನ ಮರುದಿನವೇ ಮರೆತರು. ಮರೆಯದವರು ಇವರೊಬ್ಬರೇ. ಅದಾಗಿ ಸ್ವಲ್ಪ ದಿನಕ್ಕೆ, ತುಂಬಿದ ಬಸ್ಸು ಸೇತುವೆಯ ಬಾಯಿಗೆ ಬಂದಾಗ ಇವರ ಕೈಕಾಲು ತಣ್ಣಗಾಗಿ ಬಸ್ಸು ನಿಂತುಬಿಟ್ಟಿತು.

ಕಂಡಕ್ಟರು ಗಾಡಿ ಕೆಟ್ಟಿತು ಅಂದುಕೊಂಡರು. ಇವರಿಗೆ ಹೆದರಿಕೆ ಆತು ಅನ್ನಲು ನಾಚಿಕೆ, ಹೌದು ಅಂತ ತಲೆ ಅಲ್ಲಾಡಿಸಿದರು. ಸರಿ, ಗಂಡಸರೆಲ್ಲ ಇಳಿದು ಐಸಾ ಅಂತ ತಳ್ಳಿದರು. ಏನೂ ಕೆಡದ ಬಸ್ಸನ್ನು, ಬ್ರೇಕು ಹಿಡಿದುಕೊಂಡು ಕೂತ ಚಾಲಕನ ಸಮೇತ, ನಲವತ್ತು ಜನ ಬೆವರು ಸುರಿಸಿ ತಳ್ಳಿದರೆ ಅದು ಹೋಗುತ್ತದೆಯೇ? ಕೊನೆಗೆ ಹಿಂದಿನ ಬಸ್ಸಿನ ಚಾಲಕರು ಬಂದು ದಾಟಿಸಿದರು.

ಆಮೇಲೆ ಇವರನ್ನು ಭಟ್ಕಳ ಡಿಪೋದ ಒಳಗಿನ ಕೆಲಸಕ್ಕೆ ಹಾಕಿದರು. ಮೂರು ತಿಂಗಳೊಳಗೆ ಸರಿಯಾಗಿ ಡಾಕ್ಟರರ ಸರ್ಟಿಫಿಕೇಟು ತಂದರೆ ಮತ್ತೆ ಸ್ಟಿಯರಿಂಗು, ಇಲ್ಲದಿದ್ದರೆ ಖಾಯಂ ಒಳಗೇ. ಸ್ಟಿಯರಿಂಗು ಬಿಟ್ಟರೆ ಇವರು ಇವರೇ ಅಲ್ಲ. ಮನೆಯಲ್ಲಿ ಊಟದ ಬಟ್ಟಲನ್ನೂ ಎರಡು ಕೈಯಲ್ಲಿ ಹಿಡಿದು ಸ್ವಲ್ಪ ತಿರುಗಿಸಿ ಇಟ್ಟುಕೊಳ್ಳುವ ಮನುಷ್ಯ. ಈಗ ಮಾತಿಲ್ಲ, ನಗುವಿಲ್ಲ.

"ನಮ್ಮ ಕ್ಲಿನಿಕ್ಕಿಗೆ ಬನ್ನಿ" ಅಂದೆ.

"ನಿನ್ನ ಹತ್ರ ಚೀಟಿ ತಕಂಡು ಆ ಬೆಂಚಿನ ಮೇಲೆ ಕೂತ್ಕಳುದಾ? ಸುಮ್ನಿರು ಮಾರಾಯ್ತಿ."

"ನಾಚಿಕೆ ಆದ್ರೆ ಭಟ್ಕಳದಲ್ಲಿ ಬೇರೆಯವರನ್ನು ನೋಡುವ."

"ನಂಗೆ ಎಂತ ಆಗಿದೆ? ಆ ಸೇತುವೆಗೇ ಏನೋ ಆಗಿದೆ."

ಹೀಗೆ ಒಂದು ತಿಂಗಳು ಹೋತು. ಜಗಳ ಆಡಿದೆ, ಗೋಳಾಡಿದೆ, ಪಾಯಸ ಮಾಡಿ ಹಾಕಿದೆ. ಒಂದು ದಿನ ಒಪ್ಪಿ ನನ್ನ ಜೊತೆ ಬಸ್ಸು ಹತ್ತಿದ್ದೂ ಆತು. ಸೇತುವೆಯ ಈಚೆಗಿನ ಕಾಸರಕೋಡು ಬಂದ ಕೂಡಲೇ ಕೂತಲ್ಲಿಯೇ ಇವರ ಬಲಗಾಲು ಬ್ರೇಕು ಒತ್ತಲು ಶುರು ಮಾಡಿತು. ಆ ಕಾಲಿನ ಕೆಳಗೆ ಪಕ್ಕದವರ ಕಾಲಿತ್ತು. ಅವರು ಕಿರುಚಿದರು, ಇವರು ಇಳಿದು ಮನೆಗೆ ಹೋದರು. ಮಾತ್ರೆ ಇರುವುದು ಸೇತುವೆಯ ಆಚೆ, ಕಾಯಿಲೆ ಇರುವುದು ಸೇತುವೆಯ ಮೇಲೆ. ಇದಕ್ಕೆ ಯಾವ ಬಾಗಿಲು ತೋರಿಸಲಿ ನಾನು?

ದೇವರಿಗೆ ವಿವರ ಬೇಕು

ಕೊನೆಗೆ ಎದ್ದದ್ದು ನಮ್ಮ ಅತ್ತೆ. "ಪ್ರಸಾದ ಕೇಳುವ" ಅಂದರು. ನಮ್ಮಲ್ಲಿ ಮದುವೆಯಾಗಲಿ, ಬಾವಿ ತೋಡುವುದಾಗಲಿ, ಎರಡು ಮನಸ್ಸಾದರೆ ಗುಡಿಗೆ ಹೋಗಿ ಕೇಳುವುದು ರೂಢಿ. ದೇವರ ಮೂರ್ತಿಯ ಬಲಕ್ಕೂ ಎಡಕ್ಕೂ ಹೂವಿನ ಎಸಳು ಅಂಟಿಸುತ್ತಾರೆ, ಯಾವ ಕಡೆಯದು ಬಿದ್ದಿತೋ ಅದು ಉತ್ತರ. ಬಲಕ್ಕೆ ಬಿದ್ದರೆ ದೊಡ್ಡ ಡಾಕ್ಟ್ರು, ಎಡಕ್ಕೆ ಬಿದ್ದರೆ ಕುಮಟೆ ಅಕ್ಕೋರು ಅಂತ ಅತ್ತೆ ನಿಶ್ಚಯ ಮಾಡಿದರು. ಯಾವುದೂ ಬೀಳದಿದ್ದರೆ ಮನೆಯಲ್ಲೇ ಇರುತ್ತೇನೆ ಅಂತ ಇವರು ಸೇರಿಸಿದರು.

ನಮ್ಮ ಕೇರಿಯ ಸಣ್ಣ ಗುಡಿಯ ಭಟ್ಟರಿಗೆ ಎಂಬತ್ತರ ಹತ್ತಿರ, ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ಅವರ ಮನೆಮಾತಿನಲ್ಲಿ ನಾನು ಅಂದರೆ ಆನು, ನನಗೆ ಅಂದರೆ ಯಂಗೆ. ಎಸಳು ಕೈಯಲ್ಲಿ ಹಿಡಿದು ನನ್ನನ್ನೇ ಕೇಳಿದರು: "ಈ ದೊಡ್ಡ ಡಾಕ್ಟ್ರು ಎಂತ ಮಾಡ್ತ?"

"ಮಾತ್ರೆ ಬರೀತಾರೆ ಭಟ್ರೆ."

"ನಿದ್ರೆ ಬಾರದ್ದಕ್ಕೂ ಬರೀತ್ನ?"

"ಬೇಕಾದ್ರೆ ಬರೀತಾರೆ."

"ಮತ್ತೆ ಅಕ್ಕೋರು? ಯೋಚನೆ ಹೆಚ್ಚಾದ್ರೆ ಅವರಾ? ವಯಸ್ಸಾದವ್ರನ್ನೂ ನೋಡ್ತ್ರ? ಸಂಜೆ ಬಸ್ಸಿಗೆ ವಾಪಸು ಬಪ್ಲೆ ಆಗ್ತ?"

ಅತ್ತೆಗೆ ಸಿಟ್ಟು ಬಂತು. "ಭಟ್ರೆ, ಇಷ್ಟೆಲ್ಲ ನಿಮಗೆ ಎಂತಕ್ಕೆ?"

"ಯಂಗಲ್ಲದೇ. ದೇವರಿಗೆ ವಿವರ ಬೇಕಾಗ್ತು" ಅಂದು ಭಟ್ಟರು ಗಂಭೀರವಾಗಿ ಒಳಗೆ ಹೋದರು.

ಮಂಗಳಾರತಿ ಆತು, ಪ್ರಾರ್ಥನೆ ಆತು. ಎಸಳು ಅಲ್ಲಾಡಲಿಲ್ಲ. ಇವರ ಮುಖದಲ್ಲಿ ಸಣ್ಣ ಆಸೆ ಮೂಡುವುದು ನನಗೆ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿ, ಸ್ವಾಮಿ, ಯಾವುದಾದರೂ ಒಂದು ಬೀಳಿಸಪ್ಪ, ನನ್ನ ಗಂಡನನ್ನು ನನಗೆ ವಾಪಸು ಕೊಡು ಅಂತ ನಿಜವಾಗಿ ಅಳುತ್ತ ಕೇಳಿಕೊಂಡೆ. ಕಣ್ಣು ತೆರೆದಾಗ ಎರಡೂ ಎಸಳು ಒಟ್ಟಿಗೇ ಜಾರಿ ಬಿದ್ದವು.

ಭಟ್ಟರು ಹೊರಗೆ ಬಂದು, "ಇಬ್ಬರಿಗೂ ತೋರ್ಸಕು ಅಂತ ಅಪ್ಪಣೆ ಆತು" ಅಂದರು.

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ನಂಗೆ ಮೊದಲೇ ಗೊತ್ತಿತ್ತು. ಇವನನ್ನು ಒಬ್ಬರಿಂದ ಸುಧಾರಿಸುಕೆ ಆಗುದಿಲ್ಲ ಅಂತ ನಾನು ಇವ ಹುಟ್ಟಿದಾಗಿಂದ ಹೇಳ್ತಾ ಇದ್ದೆ."

ದೋಣಿಯಲ್ಲಿ ಬಂದ ಚಾಲಕ

ಅಪ್ಪಣೆ ಆದ ಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಚಪಚಪ ಸದ್ದು. ನೋಡಿದರೆ ನಮ್ಮನೆಯವರು, ಮೊಣಕಾಲಿನವರೆಗೆ ಒದ್ದೆ ಪ್ಯಾಂಟು, ಕೈಯಲ್ಲಿ ಒಂದು ಚೀಲ ಬಂಗಡೆ ಮೀನು. ಕಾಸರಕೋಡಿನಲ್ಲಿ ಬಸ್ಸು ಇಳಿದು, ಮೀನು ಹಿಡಿಯುವ ಗೆಳೆಯನ ದೋಣಿ ಹತ್ತಿ, ಸೇತುವೆಯ ಅಡಿಯಿಂದ ನುಸುಳಿ ಬಂದಿದ್ದರು. ಬಂಗಡೆ ಗೆಳೆಯ ಕೊಟ್ಟದ್ದು. ಬೆಂಚಿನವರು ಅಂದು ಒಂದು ಕೈ ಕೆನ್ನೆಗೆ, ಒಂದು ಕೈ ಮೂಗಿಗೆ.

ನಾನು ಅಭ್ಯಾಸ ಬಲದಿಂದ ಕೇಳಿಯೇಬಿಟ್ಟೆ: "ಹೆಸರು?"

ಇವರು ದುರುಗುಟ್ಟಿದರು. ಹೇಳಿದರು.

"ವಯಸ್ಸು?"

"ನಿಂಗಿಂತ ಏಳು ವರ್ಷ ಜಾಸ್ತಿ."

"ತೊಂದರೆ ಎಂತ?"

ಇವರು ಬೆಂಚಿನ ಕಡೆ ತಿರುಗಿ ನೋಡಿದರು. ಎಲ್ಲರೂ ಇವರನ್ನೇ ನೋಡುತ್ತಿದ್ದರು. ಮೆಲ್ಲಗೆ ಕೈ ಕೆನ್ನೆಗೆ ಹೋತು. "ಹಲ್ಲು" ಅಂದರು.

ದೊಡ್ಡ ಡಾಕ್ಟ್ರು ಪರೀಕ್ಷೆ ಮಾಡಿ, ನಿದ್ದೆ ಹಳಿಗೆ ಬರಲು ಸ್ವಲ್ಪ ದಿನಕ್ಕೆ ಮಾತ್ರೆ ಬರೆದು, ಹೆದರಿಕೆ ಬಿಡಿಸುವ ಅಭ್ಯಾಸಕ್ಕೆ ಕುಮಟೆ ಅಕ್ಕೋರಲ್ಲಿಗೆ ಕಳಿಸಿದರು. ದೇವರೂ ಡಾಕ್ಟರೂ ಒಂದೇ ಮಾತು ಹೇಳಿದ್ದು ನೋಡಿ ನನಗೆ ಮೈ ಜುಂ ಅಂತು.

ಅಕ್ಕೋರು ಕೇಳಿದರಂತೆ: "ಅಷ್ಟು ನೀರಿನ ಮೇಲೆ ಅಷ್ಟು ಸಣ್ಣ ದೋಣಿಯಲ್ಲಿ ಬಂದ್ರಲ್ಲ, ಹೆದರಿಕೆ ಆಗಲಿಲ್ವಾ?"

"ಎಂತಕ್ಕೆ ಹೆದರಿಕೆ? ದೋಣಿ ನಡೆಸುವವ ನಾನಲ್ಲವಲ್ಲ. ನನ್ನ ಬೆನ್ನ ಹಿಂದೆ ಐವತ್ತು ಜನ ಇರುದಿಲ್ಲವಲ್ಲ" ಅಂದು ಇವರು ಅತ್ತುಬಿಟ್ಟರಂತೆ. ಎಷ್ಟೋ ವರ್ಷದ ಮೇಲೆ ಮೊದಲ ಸಲ.

ಆಮೇಲೆ ಕಣ್ಣೊರೆಸಿಕೊಂಡು ಬಂಗಡೆ ಚೀಲ ಮುಂದೆ ಇಟ್ಟು, "ಇದು ನಿಮಗೇ ಇರ್ಲಿ" ಅಂದರಂತೆ. ಅಕ್ಕೋರು ಮೀನು ತಿನ್ನುವವರಲ್ಲ. ಆದರೂ ರೋಗಿಯ ಮನಸ್ಸು ನೋಯಬಾರದು ಅಂತ, ಚೀಲವನ್ನು ಮುಂದಿನ ಮೂರು ರೋಗಿಗಳು ಬಂದು ಹೋಗುವವರೆಗೂ ಮೇಜಿನ ಅಡಿಯಲ್ಲೇ ಇಟ್ಟುಕೊಂಡಿದ್ದರು. ಅಂದು ಯಾರೂ ಹೆಚ್ಚು ಹೊತ್ತು ತಮ್ಮ ಕಷ್ಟ ಹೇಳಿಕೊಳ್ಳಲಿಲ್ಲ.

ಕಂಬದಿಂದ ಕಂಬಕ್ಕೆ

ಅಕ್ಕೋರ ಕ್ರಮ ಬಹಳ ಸರಳ. ಮೊದಲು ಸೇತುವೆಯ ಬಾಯಿಯಲ್ಲಿ ಮೊದಲ ದೀಪದ ಕಂಬದ ಹತ್ತಿರ ಹೋಗಿ ನಿಲ್ಲುವುದು. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ಓಡಿ ಬರಬಾರದು. ಹೆದರಿಕೆ ತಾನಾಗಿ ಇಳಿಯುವವರೆಗೆ ನಿಂತು ಬರುವುದು. ಅದು ರೂಢಿಯಾದ ಮೇಲೆ ಎರಡನೇ ಕಂಬ. ಆಮೇಲೆ ಮೂರನೆಯದು.

ಇವರು ದಿನಾ ಸಂಜೆ ಡಿಪೋದಿಂದ ಬಂದು ನಿಲ್ಲತೊಡಗಿದರು. ಒಬ್ಬ ಮನುಷ್ಯ ಸೇತುವೆಯ ಮೇಲೆ ನೀರು ನೋಡುತ್ತ ದಿನವೂ ನಿಂತರೆ ಜನ ಸುಮ್ಮನಿರುತ್ತಾರೆಯೇ? ಮೂರನೇ ದಿನ ಒಬ್ಬ ಸೈಕಲ್ ನಿಲ್ಲಿಸಿ, "ಇಲ್ಲಿ ಮೀನು ಬೀಳ್ತದಾ?" ಅಂತ ಕೇಳಿದ. ಇವರು ನಿಜ ಹೇಳಲು ನಾಚಿ ಹೂಂ ಅಂದರು. ಮರುದಿನ ಗಾಳ ಹಿಡಿದು ನಾಲ್ಕು ಜನ. ಇವರು ಎರಡನೇ ಕಂಬಕ್ಕೆ ಹೋದರೆ, ಅಲ್ಲಿ ಮೀನು ಹೆಚ್ಚು ಅಂತ ಅವರೂ ಎರಡನೇ ಕಂಬಕ್ಕೆ. ಹೀಗೆ ಒಂದು ತಿಂಗಳಿನಲ್ಲಿ ಐದು ಜನರ ಮೆರವಣಿಗೆ ಕಂಬದಿಂದ ಕಂಬಕ್ಕೆ ಸಾಗಿ ಹೊನ್ನಾವರ ಮುಟ್ಟಿತು. ಎದೆ ಹೊಡೆದುಕೊಳ್ಳುವಾಗ ಮಾತಿಗೆ ಜನ ಇದ್ದದ್ದು ಇವರಿಗೂ ಉಪಕಾರವಾತು.

ದೊಡ್ಡ ಡಾಕ್ಟ್ರು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಟ್ಟರು. ಖಾಲಿ ಬಸ್ಸಿನಲ್ಲಿ ಪಕ್ಕದಲ್ಲೊಬ್ಬರು ಕೂತು ಓಡಿಸಿ ನೋಡಿದ್ದೂ ಆತು. ಇನ್ನು ಉಳಿದದ್ದು ತುಂಬಿದ ಬಸ್ಸು. ಮೂರು ತಿಂಗಳಿಗೆ ನಾಲ್ಕು ದಿನ ಬಾಕಿ ಇದ್ದ ಒಂದು ಗುರುವಾರ ಬೆಳಿಗ್ಗೆ, ಖಾಕಿ ಹಾಕಿಕೊಂಡು ಭಟ್ಕಳದಿಂದ ಬಸ್ಸು ತಂದರು. ನಾನು ಶಿರಾಲಿಯಲ್ಲಿ ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಕಾಸರಕೋಡು ದಾಟಿದ ಮೇಲೆ ಬಸ್ಸಿನ ವೇಗ ಇಳಿಯಿತು. ಇಳಿಯಿತು, ಇಳಿಯಿತು, ಸೇತುವೆಯ ಬಾಯಿಯಲ್ಲಿ ಪೂರಾ ನಿಂತಿತು.

ಕಂಡಕ್ಟರು ಅವರೇ, ಹಳಬರು. ಹಿಂದಿನಿಂದ ಕೂಗಿದರು: "ಎಂತ ಮಾರಾಯ್ರೆ, ಇಳಿದು ತಳ್ಳುದಾ?"

ಇವರ ಬೆನ್ನು ಅಲ್ಲಾಡಿತು. ಅಳುತ್ತಿದ್ದಾರೋ ಅಂತ ನಾನು ಎದ್ದೆ. ಅಲ್ಲ, ನಗುತ್ತಿದ್ದರು. ನಗುತ್ತಲೇ ಗೇರು ಹಾಕಿದರು. ಒಂದು ಕಂಬ, ಎರಡು ಕಂಬ, ನಾನು ಎಣಿಸುತ್ತ ಹೋದೆ. ಗಾಳದವರು ಇವರನ್ನು ಗುರುತಿಸಿ ಕೈ ಬೀಸಿದರು, ಇವರು ಹಾರನ್ನು ಹೊಡೆದರು. ಹೊನ್ನಾವರದ ನೆಲ ಮುಟ್ಟಿದಾಗ ನನ್ನ ಕಣ್ಣಲ್ಲಿ ನೀರು ಧಾರೆಧಾರೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕಣ್ಣಲ್ಲೂ ನೀರು. ನಮ್ಮ ಸಂತೋಷಕ್ಕೆ ಇವರೂ ಅಳುತ್ತಾರಲ್ಲ ಅಂತ ಕರಗಿ ಅವರ ಕೈ ಹಿಡಿದುಕೊಂಡೆ.

"ಕೈ ಆಮೇಲೆ ಹಿಡೀರಿ" ಅಂದರು ಅವರು. "ಮೊದಲು ನನ್ನ ಕಾಲ ಮೇಲಿಂದ ನಿಮ್ಮ ಕಾಲು ತೆಗೀರಿ."

ಕೈ ಇಳಿಸದವರು

ಬಸ್ಸು ಹೊನ್ನಾವರದಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ. ಇವರು ಖಾಕಿಯಲ್ಲೇ ಮೆಟ್ಟಿಲು ಹತ್ತಿ ಓಡಿ ಬಂದರು, ಅಕ್ಕೋರಿಗೆ ಹೇಳಲು. ನಾನು ಹಿಂದೆ. ಬೆಂಚಿನ ಮೇಲೆ ಎಂಟು ಜನ, ಎಂಟು ಕೆನ್ನೆ, ಎಂಟು ಕೈ. ತುದಿಯಲ್ಲಿ ಶಲ್ಯ ಹೊದ್ದು ನಮ್ಮ ಗುಡಿಯ ಭಟ್ಟರು! ಅವರ ಕೈಯೂ ಕೆನ್ನೆಗೆ.

ಇವರು ನಿಂತಲ್ಲೇ ನಿಂತು ಕೇಳಿದರು: "ಭಟ್ರೆ, ನೀವು ಎಂತ ಇಲ್ಲಿ?"

"ಹಲ್ಲು, ತಮ್ಮ."

"ನಿಮ್ಮ ಬಾಯಲ್ಲಿ ಹಲ್ಲು ಎಲ್ಲುಂಟು ಭಟ್ರೆ?"

ಭಟ್ಟರು ನಾಲಿಗೆಯಿಂದ ಒಳಗೆಲ್ಲ ಒಂದು ಸಲ ಹುಡುಕಿ ನೋಡಿದರು. ಸಿಗಲಿಲ್ಲ.

ನಮ್ಮನೆಯವರಿಗೆ ಆ ದಿನ ಎಂತಾ ಧೈರ್ಯ ಬಂದಿತ್ತೋ. ಎಲ್ಲರ ಮುಂದೆ ದೊಡ್ಡ ದನಿಯಲ್ಲಿ ಹೇಳಿದರು: "ನಂಗೂ ಹಲ್ಲು ಅಂತಲೇ ಬರೆಸಿದ್ದೆ. ಹಲ್ಲಲ್ಲ. ನಂಗೆ ಸೇತುವೆ ಕಂಡ್ರೆ ಹೆದರಿಕೆ ಆಗ್ತಿತ್ತು. ದೊಡ್ಡ ಡಾಕ್ಟ್ರು ಮಾತ್ರೆ ಕೊಟ್ರು, ಅಕ್ಕೋರು ಅಭ್ಯಾಸ ಕಲಿಸಿದ್ರು. ಈಗ ಐವತ್ತು ಜನರನ್ನು ಕೂರಿಸ್ಕೊಂಡು ದಾಟಿಸಿ ಬಂದೆ. ಇದರಲ್ಲಿ ನಾಚಿಕೆ ಎಂತದ್ದು ಮಾರಾಯ್ರೆ?"

ಮೊದಲು ಭಟ್ಟರು ಮೆಲ್ಲಗೆ ಕೈ ಇಳಿಸಿದರು. "ಯಂಗೆ ವರ್ಷ ಆತು, ನಿದ್ರೆ ಬತ್ತಿಲ್ಲೆ. ಊರವರದ್ದೆಲ್ಲ ದೇವರ ಹತ್ರ ಕೇಳ್ತಿ. ಯನ್ನದ್ದು ಆನೇ ಕೇಳಿ, ಆನೇ ಉತ್ತರ ಹೇಳದು ಹ್ಯಾಂಗೆ?"

ಅವರ ಪಕ್ಕದವಳು ಕೈ ಇಳಿಸಿದಳು, ತನಗೆ ಹೆರಿಗೆಯಾದಾಗಿಂದ ಸುಮ್ಮಸುಮ್ಮನೆ ಅಳು ಬರುತ್ತದೆ ಅಂದಳು. ಅದರಾಚೆಯವರು ಕುಡಿತ ಬಿಡಬೇಕು ಅಂದರು. ಒಂದೊಂದಾಗಿ ಏಳು ಕೈ ಇಳಿದವು. ಹನ್ನೊಂದು ವರ್ಷದಲ್ಲಿ ಆ ಬೆಂಚಿನವರ ಪೂರಾ ಮುಖ ನಾನು ನೋಡಿದ್ದು ಅಂದೇ. ಎಷ್ಟು ಚಂದದ ಮುಖಗಳು!

ಒಬ್ಬರು ಮಾತ್ರ ಕೈ ಇಳಿಸಲಿಲ್ಲ. ಭಟ್ಕಳದ ಬಟ್ಟೆ ಅಂಗಡಿ ಸಾಹುಕಾರರು.

"ಸಾಹುಕಾರ್ರೆ, ನಾವೆಲ್ಲ ಹೇಳಿ ಆತು. ನೀವೂ ಹೇಳಿ" ಅಂದರು ನಮ್ಮನೆಯವರು.

"ನಂದು ಆ ತೊಂದರೆ ವಾಸಿಯಾಗಿ ಎಷ್ಟೋ ದಿನ ಆತು. ಇವತ್ತು ನಿಜಕ್ಕೂ ಹಲ್ಲು ಮಾರಾಯ್ರೆ."

"ಹೌದು ಹೌದು. ನಂಗೂ ಹಲ್ಲೇ ಇತ್ತು."

"ದೇವರಾಣೆ, ದವಡೆ ಹಲ್ಲು!"

"ದೇವರ ಆಣೆ ಹಾಕಡಿ" ಅಂದರು ಭಟ್ಟರು, ಬೆನ್ನು ಸವರುತ್ತ. "ಮುಚ್ಚಿಟ್ಟಷ್ಟೂ ಹೆಚ್ಚಾಗ್ತು. ಹೇಳ್ಬಿಡಿ."

ಸಾಹುಕಾರರು ಬಾಯಿ ತೆರೆದು ತೋರಿಸಿದರು. ಆದರೆ ಅವರ ಹಲ್ಲು ಫಳಫಳ ಹೊಳೆಯುತ್ತಿತ್ತು, ಯಾರು ನಂಬುತ್ತಾರೆ? ಹಲ್ಲಿನ ಡಾಕ್ಟರು ಬಾಗಿಲು ತೆರೆದು "ಮುಂದಿನವರು?" ಅಂದರು. ಸಾಹುಕಾರರು ಏಳಲು ಹೋದರು. ಬೆಂಚಿನವರು ಎರಡೂ ಕಡೆಯಿಂದ ಹಿಡಿದು ಕೂರಿಸಿದರು.

ಯಾರಿಗೆ ಯಾವ ಬಾಗಿಲು ಅಂತ ತೋರಿಸುವ ಕೆಲಸ ನನ್ನದಲ್ಲವೇ? ನಾನೇ ಎದ್ದು, ಅಣ್ಣನ ಕೈ ಹಿಡಿಯುವ ಹಾಗೆ ಅವರ ಕೈ ಹಿಡಿದು, "ಹೆದರಬೇಡಿ, ಮೊದಲು ಮಾತಾಡಿ, ಹಗುರ ಆಗ್ತದೆ" ಅಂತ ಸಮಾಧಾನ ಹೇಳಿ ಮೂರನೇ ಕೋಣೆಗೆ ಬಿಟ್ಟು ಬಾಗಿಲು ಹಾಕಿದೆ. ಕೆಳಗೆ ನಮ್ಮನೆಯವರ ಬಸ್ಸು ಹಾರನ್ನು ಹೊಡೆದು ಕುಮಟೆಗೆ ಹೊರಟಿತು. ಜೀವನದಲ್ಲಿ ಅಷ್ಟು ಧನ್ಯತೆ ನನಗೆ ಎಂದೂ ಆಗಿರಲಿಲ್ಲ.

ಮಾಸ್ತರು ಒಂದು ತಾಸು ಅವರ ಹಲ್ಲುನೋವನ್ನು ಬಹಳ ತಾಳ್ಮೆಯಿಂದ ಕೇಳಿದರು. ಸಾಹುಕಾರರು ಹೊರಗೆ ಬಂದಾಗ ಎರಡೂ ಕೆನ್ನೆಗೆ ಕೈ ಇತ್ತು, ಬೆರಳಿನ ಸಂದಿಯಲ್ಲಿ ಒಂದು ಚೀಟಿ. ಅದನ್ನು ನನ್ನ ಮೇಜಿನ ಮೇಲೆ ಇಟ್ಟರು. ಮಾಸ್ತರು ದುಂಡಗೆ ಬರೆದಿದ್ದರು: "ಎದುರಿನ ಬಾಗಿಲು. ಬೇಗ."